ಕರಾವಳಿಯ ಕೊಠಡಿಯಲ್ಲಿ ಹಳೆಯ ಧ್ವನಿವರ್ಧಕ

ಅಚ್ಚಾದ ಗ್ರಂಥಕ್ಕೆ ಮೂಲವಾಗಿ ಓಲೆಯೋ ಕಾಗದವೋ ಇರುವುದು ವಾಡಿಕೆ. ತುಳುನಾಡಿನಲ್ಲಿ ಕಳೆದ ಕೆಲವು ದಶಕಗಳಿಂದ ಇನ್ನೊಂದು ಬಗೆಯ ಮಾತೃಕೆಯೂ ಹುಟ್ಟಿಕೊಂಡಿದೆ, ಅದು ಧ್ವನಿಸುರುಳಿ. ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ಚಿನ್ನಪ್ಪ ಗೌಡ, ವಿವೇಕ ರೈ ಮೊದಲಾದವರೊಡಗೂಡಿ ಮುದ್ರಿಸಿಕೊಂಡು, 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟಪಡಿಸಿದರು. ಅದರ 15,683 ಸಾಲುಗಳಿಗೂ ಪ್ರಮಾಣವಾದುದು ಮೊದಲು ಕಿವಿ, ಆಮೇಲೆ ಕಣ್ಣು. ತಾಳಮದ್ದಳೆಯ ಅರ್ಥಗಾರಿಕೆಯಂತೂ ಆಶುವಾದುದು. ಪ್ರಸಂಗದ ಪದ್ಯಗಳು ಪುಸ್ತಕದಲ್ಲಿ ಉಂಟು, ಅರ್ಥವು ಯಾವ ಪುಸ್ತಕದಲ್ಲಿಯೂ ಇಲ್ಲ. 2006ರಲ್ಲಿ ಕಾಲವಾದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಕ್ಯಗಳನ್ನಾಗಲಿ, ಮಲ್ಪೆಯ ಸಾಮಗ ಸಹೋದರರ ವಾಕ್ಯಗಳನ್ನಾಗಲಿ ಇಂದು ಪರಿಶೀಲಿಸಬೇಕೆನ್ನುವವನು ಉಳಿದಿರುವ ಧ್ವನಿಮುದ್ರಣಗಳನ್ನೇ ಆಶ್ರಯಿಸಬೇಕು.

ಹೀಗಿರಲಾಗಿ, ಆ ಧ್ವನಿಯನ್ನು ನಮ್ಮ ಕಿವಿಗೆ ಮುಟ್ಟಿಸುವ ಉಪಕರಣದ ವಿಚಾರವು ರೇಡಿಯೋ ರಿಪೇರಿಯವರಿಗಷ್ಟೇ ಸಂಬಂಧಪಟ್ಟುದೆಂದು ಸುಮ್ಮನಿರಲಾಗದು. ವ್ಯಾಕರಣ ಕಲಿಸುವವರು ಸಕಲ-ಶಕಲ, ಸ್ವಜನ-ಶ್ವಜನ ಎಂಬ ಜೋಡಿಗಳನ್ನು ಹೇಳಿ ಮಕ್ಕಳನ್ನು ಎಚ್ಚರಿಸುವುದುಂಟಷ್ಟೆ. ಸಕಾರದ ಸದ್ದಿನ ಹೆಚ್ಚಿನ ಅಂಶವು 4000 ಹರ್ಟ್ಸಿಗಿಂತ ಮೇಲಿನ ಕಂಪನಗಳಲ್ಲಿ ಇರುತ್ತದೆ. ಶಕಾರದ ಸದ್ದು ಸುಮಾರು 2500ರಿಂದಲೇ ತೊಡಗುತ್ತದೆ. ಮೇಲಿನ ಆ ಅಂಶವು ಕುಂದಿದರೆ ಎರಡೂ ಒಂದೇ ಆಗಿ ಕೇಳಿಸುತ್ತವೆ. ಶ್ಲೇಷೆಯ ಮೇಲೆಯೇ ವಾದವನ್ನು ನಿಲ್ಲಿಸುವ ಅರ್ಥಧಾರಿಯ ಮಾತನ್ನು ಹೀಗೆ ಕೇಳಿ ಬರೆದುಕೊಂಡರೆ, ಲಿಪಿಕಾರನ ಪ್ರಮಾದಕ್ಕೆ ಸಮಾನವಾದ ಅಪಪಾಠವು ಗ್ರಂಥವನ್ನು ಸೇರುತ್ತದೆ.

ಉಡುಪಿಗೆ ದಕ್ಷಿಣದಲ್ಲಿರುವ ಮಟ್ಟುವನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳುತ್ತೇನೆ. ಗುಳ್ಳಬದನೆಯಿಂದ ಹೆಸರಾದ ಈ ಊರಿನ ಪಡುವಣಕ್ಕೆ ಕಡಲು, ಮೂಡಣಕ್ಕೆ ಹಿನ್ನೀರಿನ ಹೊಳೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಗಾಳಿಯು ಉಪ್ಪನ್ನೂ ಹಸಿಯನ್ನೂ ಹೊತ್ತು ತರುತ್ತದೆ. ಗುಳ್ಳಕ್ಕೆ ರುಚಿಯನ್ನು ಕೊಟ್ಟ ನೆಲವೇ ಯಂತ್ರಕ್ಕೆ ಶತ್ರು. ಇಂತಹ ಊರುಗಳ ಮನೆಗಳ ಅಟ್ಟದಲ್ಲಿ ಸಿಕ್ಕುವ ಧ್ವನಿವರ್ಧಕಗಳು ಬಹುಮಟ್ಟಿಗೆ ಎರಡು ವರ್ಗದವು: ಫಿಲಿಪ್ಸ್, ಮರ್ಫಿ ಮೊದಲಾದ ವಾಲ್ವ್ ರೇಡಿಯೋಗಳೊಳಗಿನ ಕಾಗದದ ಸ್ಪೀಕರುಗಳು; ಮುಂಬಯಿಯಿಂದಲೋ ಕೊಲ್ಲಿಯ ದೇಶಗಳಿಂದಲೋ ಬಂದವರು ತಂದ, ಸುತ್ತಲೂ ಮುಚ್ಚಿದ ಪೆಟ್ಟಿಗೆಯ ಜೋಡಿ ಸ್ಪೀಕರುಗಳು.

ಎರಡರ ತತ್ತ್ವವೂ ಒಂದೇ. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬವರು 1925ರಲ್ಲಿ ನಿರೂಪಿಸಿದುದೇ. ಅಯಸ್ಕಾಂತದ ಧ್ರುವಗಳ ನಡುವಣ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿಯೊಂದು ತೂಗುತ್ತದೆ. ವಿದ್ಯುತ್ತು ಹರಿದಂತೆಲ್ಲ ಅದು ಹಿಂದುಮುಂದಾಗಿ, ತನಗೆ ಅಂಟಿಸಿದ ಕಾಗದದ ಕೋನನ್ನು ಅಲುಗಿಸುತ್ತದೆ. ಸುರುಳಿಗೂ ಉಕ್ಕಿಗೂ ನಡುವೆ ಇರುವ ಎಡೆಯು ಕೂದಲೆಳೆಗಳ ಲೆಕ್ಕದ್ದು. ಉಪ್ಪುಗಾಳಿಯಿಂದ ಆ ಉಕ್ಕು ತುಕ್ಕುಹಿಡಿದು ಒಂದು ಕಣ ಉದುರಿದರೂ ಸುರುಳಿಯು ಉಜ್ಜತೊಡಗುವುದು. ಕೇಳುವವನಿಗೆ ಪ್ರತಿಯೊಂದು ಮಹಾಪ್ರಾಣದಲ್ಲಿಯೂ ಒಂದು ಗೊರಗೊರ ಶಬ್ದ ಬೆರೆತಂತೆ ತೋರುವುದು. ಕಾಗದವು ಬೂಷ್ಟು ಹಿಡಿದು ಮೆತ್ತಗಾಗುತ್ತದೆ. 1970ರ ತರುವಾಯದ ಅನೇಕ ಸ್ಪೀಕರುಗಳಲ್ಲಿ ಕೋನಿನ ಅಂಚಿಗೆ ಬಳಸಿದ ಫೋಮ್ ಪಟ್ಟಿಯು ತೇವಾಂಶದಿಂದಲೇ ರಾಸಾಯನಿಕವಾಗಿ ಒಡೆದು, ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕಿಂತ ಹಳೆಯ ಬಟ್ಟೆಯ ಅಂಚು ಇಂದಿಗೂ ಗಟ್ಟಿಯಾಗಿರುವುದನ್ನು ಕಾಣಬಹುದು. ಹೊಸದೆಲ್ಲ ಬಾಳಿಕೆಯದಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಜೀರ್ಣೋದ್ಧಾರದಲ್ಲಿ ನಾನು ಅನುಸರಿಸತಕ್ಕದ್ದೆಂದು ಭಾವಿಸುವ ಕ್ರಮವು ಗ್ರಂಥಸಂಪಾದಕರಿಗೆ ಅಪರಿಚಿತವಾದುದಲ್ಲ. ಮೂಲವನ್ನು ಸಾಧ್ಯವಾದಷ್ಟೂ ಉಳಿಸಬೇಕು. ಕಾಲವು ಸೇರಿಸಿದುದನ್ನು ಮಾತ್ರ ಕಳೆಯಬೇಕು. ಮಾಡಿದ ತಿದ್ದುಪಡಿಯನ್ನು ಬರೆದಿಡಬೇಕು. ಮೊದಲು ಎರಡೂ ಹೆಬ್ಬೆರಳುಗಳಿಂದ ಕೋನನ್ನು ಸಮನಾಗಿ, ಮೆಲ್ಲನೆ ಒತ್ತಿ ನೋಡುವುದು. ಕರಕರ ಎಂದರೆ ಸುರುಳಿ ಉಜ್ಜುತ್ತಿದೆ. ಬಳಿಕ ಮಲ್ಟಿಮೀಟರಿನಿಂದ ರೋಧವನ್ನು ಅಳೆಯುವುದು. 8 ಓಮ್ ಎಂದು ಬರೆದ ಸ್ಪೀಕರು ಮೀಟರಿನಲ್ಲಿ 6ರ ಸುತ್ತಮುತ್ತ ತೋರಿದರೆ ಅದು ಸಹಜವೇ. ಏನನ್ನೂ ತೋರದಿದ್ದರೆ ತಂತಿ ಕಡಿದಿದೆ. 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದಾಗ ಜೋಡಿಯ ಎರಡು ಕೋನುಗಳೂ ಒಂದೇ ದಿಕ್ಕಿಗೆ ಚಲಿಸಬೇಕು.

ಅಂಚಿನ ಫೋಮ್ ಮಾತ್ರ ಕೆಟ್ಟಿದ್ದರೆ ಅದನ್ನಷ್ಟೇ ಬದಲಾಯಿಸತಕ್ಕದ್ದು. ಇಡೀ ಕೋನನ್ನೇ ಕಿತ್ತು ಹೊಸದನ್ನು ಹಾಕುವುದು ಅಂಗಡಿಯವರಿಗೆ ಸುಲಭ, ನಮಗೆ ಅಗ್ಗ. ಆದರೆ ಕೋನಿನ ತೂಕವೂ ಬಿಗಿಯೂ ಬದಲಾದರೆ ಸ್ಪೀಕರಿನ ಸ್ವಭಾವವೇ ಬೇರೆಯಾಗುವುದು. ಇದನ್ನು ಜೀರ್ಣೋದ್ಧಾರವೆಂದು ಕರೆಯಲು ನನಗೆ ಮನಸ್ಸಿಲ್ಲ. ಹಳೆಯ ಆಲ್ನಿಕೊ ಅಯಸ್ಕಾಂತವನ್ನಂತೂ ಬಿಚ್ಚಲೇಬಾರದು. ಬಿಚ್ಚಿದರೆ ಅದರ ಶಕ್ತಿ ಕುಂದುತ್ತದೆ. ಪೆಟ್ಟಿಗೆಯೊಳಗೆ ಟ್ವೀಟರಿಗೆ ಎತ್ತರದ ಸ್ವರಗಳನ್ನು ಮಾತ್ರ ಬಿಡುವ ಕಂಡೆನ್ಸರ್ ಇರುತ್ತದೆ. ಎಲೆಕ್ಟ್ರೋಲಿಟಿಕ್ ಜಾತಿಯದಾದರೆ ಅದು ಒಣಗಿರುವುದು ಬಹುಮಟ್ಟಿಗೆ ಖಂಡಿತ. ಸಕಾರ ಶಕಾರಗಳು ಒಂದಾಗಿ ಕೇಳುವುದಕ್ಕೆ ಅನೇಕ ವೇಳೆ ಇದೇ ಕಾರಣ. ಅದೇ ಮೌಲ್ಯದ ಹೊಸದನ್ನು ಹಾಕಿ, ಹಳೆಯದನ್ನು ಪೊಟ್ಟಣ ಕಟ್ಟಿ, ದಿನಾಂಕ ಬರೆದು ಪೆಟ್ಟಿಗೆಯೊಳಗೇ ಇಡುವುದು ಒಳ್ಳೆಯದು. ವಾಲ್ವ್ ರೇಡಿಯೋವನ್ನು ಮಾತ್ರ ತಿಳಿದವರ ಕೈಗೇ ಒಪ್ಪಿಸಬೇಕು. ಅದರೊಳಗೆ 200 ವೋಲ್ಟಿಗೂ ಮಿಕ್ಕ ವಿದ್ಯುತ್ತು ಇರುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಕೆಲಹೊತ್ತು ಉಳಿದಿರುತ್ತದೆ.

ಇಷ್ಟು ಮಾಡಿದರೂ ಧ್ವನಿ ಶುದ್ಧವಾಗಲಿಲ್ಲವೆಂದು ನಿರಾಶರಾಗುವವರು ಬಹಳ. ಅವರು ದೋಷವನ್ನು ಸ್ಪೀಕರಿನಲ್ಲಿ ಹುಡುಕುತ್ತಾರೆ, ದೋಷವು ಕೊಠಡಿಯಲ್ಲಿರುತ್ತದೆ. ಚಿಕ್ಕ ಕೊಠಡಿಯಲ್ಲಿ ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ನಿಂತು ಮೊಳಗುತ್ತವೆ. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಒಂಬತ್ತಡಿ ಎತ್ತರದ ಕೊಠಡಿಯಲ್ಲಿ ಇಂತಹ ಮೊದಲ ಅನುರಣನಗಳು ಸುಮಾರು 48, 57, 64 ಹರ್ಟ್ಸುಗಳಲ್ಲಿಯೂ, ಅವುಗಳ ಇಮ್ಮಡಿಗಳು 95, 114, 127ರಲ್ಲಿಯೂ ಬೀಳುತ್ತವೆ. ಗಂಡಸಿನ ಮಾತಿನ ಮೂಲಸ್ವರವು ಹೆಚ್ಚುಕಡಮೆ 100ರಿಂದ 150ರವರೆಗೆ ಇರುವುದೆಂಬುದನ್ನು ನೆನೆದರೆ, ಅರ್ಥಧಾರಿಯ ಕಂಠಕ್ಕೆ ಕೊಠಡಿಯು ತನ್ನ ಕಂಠವನ್ನೂ ಸೇರಿಸುತ್ತಿರುವುದು ತಿಳಿಯುತ್ತದೆ. ಕೆಳಗಿನ ಸ್ವರದ ಆ ಮೊಳಗು ಮೇಲಿನ ವ್ಯಂಜನಗಳನ್ನು ಮುಚ್ಚಿಬಿಡುತ್ತದೆ. ಇದು ಪ್ರಕ್ಷಿಪ್ತ; ಮೂಲದಲ್ಲಿ ಇಲ್ಲದುದು.

ಹಳೆಯ ಹಂಚಿನ ಮನೆಗೆ ಇಲ್ಲಿ ಒಂದು ಅನುಕೂಲವುಂಟು. ಮಾಡು ಇಳಿಜಾರಾಗಿರುವುದರಿಂದ ನೆಲಕ್ಕೆ ಎದುರಾಗಿ ಸಮತಲವಾದ ಮೇಲ್ಚಾವಣಿ ಇಲ್ಲ. ಹಂಚಿನ ಸಂದುಗಳಿಂದ ಸದ್ದು ಹೊರಗೂ ಹೋಗುತ್ತದೆ. ತಾರಸಿಯ ಹೊಸ ಕೊಠಡಿಗೆ ಈ ಭಾಗ್ಯವಿಲ್ಲ. ಆದರೆ ಎರಡರಲ್ಲಿಯೂ ನುಣುಪಾದ ನೆಲವು ವ್ಯಂಜನಗಳನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಕೇಳುವವನಿಗೂ ಸ್ಪೀಕರಿಗೂ ನಡುವೆ ದಪ್ಪ ಚಾಪೆಯನ್ನೋ ಜಮಖಾನವನ್ನೋ ಹಾಸಬೇಕು. ವಿದ್ವಾಂಸರ ಮನೆಯಲ್ಲಿ ಅನಾಯಾಸವಾಗಿ ದೊರೆಯುವ ಮದ್ದು ಪುಸ್ತಕ. ಏರುಪೇರಾಗಿ ಪುಸ್ತಕಗಳನ್ನಿಟ್ಟ ಕಪಾಟು ಗೋಡೆಯ ಪ್ರತಿಧ್ವನಿಯನ್ನು ಚೆದರಿಸುತ್ತದೆ. ಕಪಾಟಿಗೆ ಗಾಜಿನ ಬಾಗಿಲಿದ್ದರೆ ಪ್ರಯೋಜನವಿಲ್ಲ.

ಸ್ಪೀಕರನ್ನು ಮೂಲೆಯಲ್ಲಿ ಇಡುವ ರೂಢಿಯನ್ನು ಬಿಡತಕ್ಕದ್ದು. ಮೂಲೆಯು ಕೆಳಗಿನ ಸ್ವರಗಳನ್ನೆಲ್ಲ ಉಬ್ಬಿಸುತ್ತದೆ. ರೇಡಿಯೋ ಪೆಟ್ಟಿಗೆಯ ಬೆನ್ನು ತೆರೆದಿರುವುದರಿಂದ ಅದನ್ನು ಗೋಡೆಗೆ ಒತ್ತಿ ಇಡದೆ ಒಂದಡಿಯಷ್ಟಾದರೂ ಮುಂದಕ್ಕೆ ತರಬೇಕು. ಕೇಳುವವನು ಕೊಠಡಿಯ ನಟ್ಟನಡುವೆಯೂ ಗೋಡೆಗೆ ಒರಗಿಯೂ ಕೂಡದೆ, ಉದ್ದದ ಮೂರರಲ್ಲೊಂದು ಭಾಗದ ಸುಮಾರಿಗೆ, ಸ್ಪೀಕರಿಗೆ ಮೂರು ನಾಲ್ಕು ಅಡಿಯ ಸಮೀಪದಲ್ಲಿ ಕೂಡುವುದು ಲೇಸು. ಸಮೀಪಿಸಿದಷ್ಟೂ ಕೊಠಡಿಯ ಪಾಲು ಕುಗ್ಗುತ್ತದೆ. ಬಿ.ಬಿ.ಸಿ.ಯವರು 1970ರ ದಶಕದಲ್ಲಿ ಹೊರಪ್ರಸಾರದ ವಾಹನಗಳ ಇಕ್ಕಟ್ಟಿಗಾಗಿ ಎಲ್.ಎಸ್. 3/5ಎ ಎಂಬ ಒಂದಡಿ ಎತ್ತರದ ಸ್ಪೀಕರನ್ನು ರೂಪಿಸಿದಾಗ, ಮೊಳಗನ್ನು ತ್ಯಜಿಸಿ ಮಾತಿನ ಸಹಜತೆಯನ್ನು ಹಿಡಿದರು. ನಮ್ಮ ಉದ್ದೇಶಕ್ಕೂ ಅದೇ ದಾರಿ. ಹಳೆಯ ಮುದ್ರಣಗಳಲ್ಲಿ ಹೆಚ್ಚಿನವು ಏಕವಾಹಿನಿಯವಾದುದರಿಂದ ಪಾಠನಿರ್ಣಯಕ್ಕೆ ಒಂದೇ ಸ್ಪೀಕರು ಸಾಕು. ಒಂದೇ ಧ್ವನಿಯನ್ನು ಎರಡರಿಂದ ಕೇಳಿದರೆ ಅವು ಪರಸ್ಪರ ತೊಡಕಾಗಿ ವ್ಯಂಜನಗಳು ಮಸುಕಾಗುತ್ತವೆ.

ಫಲಿತಾಂಶವನ್ನು ಅಳೆಯಲು ಯಂತ್ರ ಬೇಕಾಗಿಲ್ಲ. ಸಕಲ-ಶಕಲ, ದನ-ಧನ ಮುಂತಾದ ಜೋಡಿಗಳನ್ನು ಕ್ರಮ ತಪ್ಪಿಸಿ ಐವತ್ತು ಪದಗಳ ಪಟ್ಟಿ ಮಾಡಿ, ಸ್ಪಷ್ಟ ಉಚ್ಚಾರದವರೊಬ್ಬರಿಂದ ಓದಿಸಿ ಮುದ್ರಿಸಿಕೊಂಡು, ಪಟ್ಟಿಯನ್ನು ಕಾಣದವರೊಬ್ಬರಿಂದ ಕೇಳಿ ಬರೆಯಿಸಬಹುದು. ತಪ್ಪುಗಳು ಸಕಾರ ಶಕಾರಗಳಲ್ಲೇ ಕೂಡಿದ್ದರೆ ಟ್ವೀಟರನ್ನೂ ಕಂಡೆನ್ಸರನ್ನೂ ಮತ್ತೆ ನೋಡಬೇಕು. ಎಲ್ಲ ಜೋಡಿಗಳಲ್ಲಿಯೂ ಹರಡಿದ್ದರೆ ಪೀಠವನ್ನೂ ಕುರ್ಚಿಯನ್ನೂ ಸರಿಸಿ ನೋಡಬೇಕು. ಮಟ್ಟುವಿನಂತಹ ಊರಿನಲ್ಲಿ ಈ ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ, ಮಳೆ ಹಿಡಿಯುವ ಮುನ್ನ ಒಮ್ಮೆ, ನವರಾತ್ರಿ ಕಳೆದ ಮೇಲೆ ಒಮ್ಮೆ, ಮಾಡುವುದು ಯುಕ್ತ.