ಸೌದೆ ಪುಕ್ಕಟೆಯಲ್ಲ

ಬೆಳಿಗ್ಗೆ ಕ್ಯಾನಿಂಗ್ ಲೋಕಲ್ ರೈಲು ಕೋಲ್ಕತ್ತಾದ ಬಾಲಿಗಂಜ್ ಸ್ಟೇಷನ್ನಿಗೆ ಬಂದು ನಿಂತರೆ ಮನೆಗೆಲಸದ ಹೆಂಗಸರು ದಂಡುಗಟ್ಟಿ ಇಳಿಯುತ್ತಾರೆ. ನಮ್ಮ ಮನೆಗೆ ಅಡುಗೆಗೆ ಬರುವ ಮಾಶಿಯೂ ಅವರಲ್ಲೊಬ್ಬರು. ಇನ್ನೂ ಕತ್ತಲಿರುವಾಗಲೇ ಎದ್ದು, ಮಣ್ಣಿನ ಒಲೆಗೆ ತರಗು, ಪುಳ್ಳೆ ಒಡ್ಡಿ ಮಕ್ಕಳಿಗೆ ಅನ್ನ ಬೇಯಿಸಿಟ್ಟು ರೈಲು ಹತ್ತುತ್ತಾರೆ. ಇಲ್ಲಿ ಬಂದು ನಮ್ಮ ಗ್ಯಾಸ್ ಹಚ್ಚುತ್ತಾರೆ. ಅವರ ಮನೆಯಲ್ಲೂ ಸಿಲಿಂಡರ್ ಇದೆ, ಖಾಲಿಯಾಗಿ ಮೂಲೆ ಸೇರಿದೆ. ನೆರೆಯವರೊಬ್ಬರಿಗೆ ಇದನ್ನು ಹೇಳಿದರೆ, "ಸೌದೆ ಪುಕ್ಕಟೆ ಸಿಗೋವಾಗ ಗ್ಯಾಸ್ ಯಾಕೆ ತುಂಬಿಸ್ತಾರೆ ಬಿಡಿ" ಎಂದರು.

ಓದಿದವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಪುಕ್ಕಟೆ ಯಾರಿಗೆ? ಮಾಶಿಗೆ ರಜೆ ಸಿಕ್ಕ ದಿನ ಪುಳ್ಳೆ ಆಯುವುದರಲ್ಲೇ ಕಳೆಯುತ್ತದೆ. ಮೊಣಕೈವರೆಗೂ ಮುಳ್ಳು ತರಚಿದ ಗೆರೆಗಳಿವೆ.

ಈ ದುಡಿಮೆಯ ಲೆಕ್ಕ ನಮ್ಮ ತುಮಕೂರು ಜಿಲ್ಲೆಯಲ್ಲೇ ಸಿಕ್ಕಿ ನಾಲ್ಕು ದಶಕ ದಾಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಕಟ್ಟಿದ 'ಅಸ್ತ್ರ' ತಂಡ ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ದುಡಿಯುತ್ತಾರೆಂದು ಬರೆದುಕೊಂಡಿತು. ಪುರದ ಮನುಷ್ಯಶ್ರಮದಲ್ಲಿ ಹೆಂಗಸರ ಪಾಲು ಶೇ. 53, ಗಂಡಸರದು 31, ಮಕ್ಕಳದು 16. ಇಂಥ ಅಂಕಿಗಳನ್ನೇ ಹಿಡಿದು 1982ರಲ್ಲಿ ಸಂಶೋಧಕಿ ಶ್ರೀಲತಾ ಬಾಟ್ಲಿವಾಲಾ ಹೇಳಿದ್ದು: ಹಳ್ಳಿ ಹೆಂಗಸಿನ ಅಪೌಷ್ಟಿಕತೆಗೆ ತಟ್ಟೆಯನ್ನಷ್ಟೇ ನೋಡಿದರೆ ಸಾಲದು, ಸೌದೆ ನೀರು ಹೊತ್ತು ಸವೆಯುವ ಮೈಯನ್ನೂ ನೋಡಬೇಕು. ಅಂದರೆ ಉಂಡದ್ದೇ ಒಲೆಗೆ ಹೋಗುತ್ತಿದೆ. ಆದರೂ ಸರ್ಕಾರಿ ಕಡತಗಳಲ್ಲಿ ಈ ಸೌದೆಗೆ 'ವಾಣಿಜ್ಯೇತರ ಇಂಧನ' ಎಂದು ಹೆಸರು!

ಪುಳ್ಳೆ ಆಯುವವರಿಂದಲೇ ಕಾಡು ಹಾಳಾಯಿತೆನ್ನುವವರೂ ಇದ್ದಾರೆ. ಆದರೆ ಪುರದ ಹೆಂಗಸರು ತರುತ್ತಿದ್ದದ್ದು ಬಹುಪಾಲು ಕಡ್ಡಿ ಪುಳ್ಳೆ, ಮರದ ದಿಮ್ಮಿಯಲ್ಲ. ಗ್ಯಾಸ್ ಕನೆಕ್ಷನ್ ಕೊಟ್ಟರೆ ಮುಗಿಯಿತೆನ್ನುವವರು ಬಡ ಮನೆಗಳಿಗೆ ಕನೆಕ್ಷನ್ ಕೊಡುವ ಉಜ್ವಲಾ ಯೋಜನೆಯ ಬಗ್ಗೆ 2019ರ ಸಿಎಜಿ ವರದಿ ಓದಲಿ: ಫಲಾನುಭವಿ ಮನೆಯೊಂದು ತುಂಬಿಸಿಕೊಂಡದ್ದು ವರ್ಷಕ್ಕೆ ಸರಾಸರಿ 3.21 ಸಿಲಿಂಡರ್, ಹೆಚ್ಚುಕಡಿಮೆ ನಾಲ್ಕು ತಿಂಗಳಿಗೊಂದು. ಗ್ಯಾಸಿಗೆ ಕೈಯಿಂದ ದುಡ್ಡು ಹೋಗುತ್ತದೆ, ಸೌದೆಗೆ ಹೋಗುವುದು ಹೆಂಡತಿಯ ಹೊತ್ತು. ಮನೆಯ ಖರ್ಚು ತೀರ್ಮಾನಿಸುವವನಿಗೆ ಎರಡನೆಯದು ಖರ್ಚೆಂದೇ ತೋರುವುದಿಲ್ಲ.

ರಸೀದಿ ಇಲ್ಲದ್ದೆಲ್ಲ ಬಿಟ್ಟಿ ಎಂದು ನಂಬಿಬಿಡುತ್ತೇವೆ, ಎಷ್ಟು ಓದಿದರೂ. ಇಂಧನ ಸಮೀಕ್ಷೆಗೆ ಹೋಗುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೇಳಿಕೆ: ಜಗಲಿಯಲ್ಲಿ ಕೂತ ಯಜಮಾನರ ಮಾತು ಬರೆದುಕೊಂಡು ಎದ್ದುಬರಬೇಡಿ, ಒಳಗೆ ಒಲೆ ಊದುತ್ತಿರುವವಳನ್ನು ಕೇಳಿ ಬನ್ನಿ.