ಸೊನ್ನೆ ಒಂದು ಸೊನ್ನೆ ಒಂದು: ಎಕ್ಸ್‌ವಿ6ನಲ್ಲಿ ಒಂದು ಬಗ್ ಬೇಟೆ

ಓಎಸ್ ಕ್ಲಾಸಲ್ಲಿ ಪೇಜಿಂಗ್ ಎಲ್ಲರಿಗೂ ಅರ್ಥ ಆಗತ್ತೆ, ಕೋಡ್ ಬರೆಯೋವರೆಗೂ. ನನಗೂ ಹಾಗೇ ಆಗಿತ್ತು.

ಎಂಐಟಿಯವರು ಪಾಠಕ್ಕೆಂದೇ ಬರೆದ ಎಕ್ಸ್‌ವಿ6 ಅನ್ನೋ ಪುಟ್ಟ ಓಎಸ್ ಇದೆ. ಅದರಲ್ಲಿ ಫೋರ್ಕ್ ಮಾಡಿದರೆ ಪೇರೆಂಟ್ ಪ್ರಾಸೆಸ್‌ನ ಪೇಜ್‌ಗಳೆಲ್ಲ (ಒಂದೊಂದೂ 4096 ಬೈಟ್) ಚೈಲ್ಡ್‌ಗೆ ಕಾಪಿ ಆಗುತ್ತವೆ. ಅದನ್ನು ಕಾಪಿ-ಆನ್-ರೈಟ್ ಆಗಿ ಬದಲಾಯಿಸೋದು ಒಂದು ಲ್ಯಾಬ್. ಹಾಸ್ಟೆಲ್‌ನಲ್ಲಿ ಒಂದೇ ನೋಟ್ಸನ್ನು ನಾಲ್ಕು ಜನ ಓದೋ ಥರ: ಓದೋಕೆ ಒಂದೇ ಪ್ರತಿ ಸಾಕು, ಯಾರಾದ್ರೂ ಅದರ ಮೇಲೆ ಗೀಚಬೇಕು ಅಂದಾಗ ಮಾತ್ರ ಜೆರಾಕ್ಸ್. ಹಾಗಾಗಿ ಪ್ರತಿ ಪೇಜ್ ಎಷ್ಟು ಪ್ರಾಸೆಸ್‌ಗಳ ಕೈಯಲ್ಲಿದೆ ಅನ್ನೋ ಲೆಕ್ಕ ಇಡಬೇಕು. ಲೆಕ್ಕ ಸೊನ್ನೆ ಆದರೆ ಪೇಜ್ ಫ್ರೀ.

ಬರೆದೆ. ಟೆಸ್ಟ್ ಪಾಸ್ ಆಯ್ತು. ಮತ್ತೆ ಓಡಿಸಿದೆ, ಫೇಲ್. ಮತ್ತೆ ಪಾಸ್. ಪ್ರಿಂಟ್ಎಫ್ ಹಾಕಿದರೆ ಬಗ್ಗೇ ಮಾಯ! (ಪ್ರಿಂಟ್ ಮಾಡೋಕೆ ಹಿಡಿಯೋ ಸಮಯಕ್ಕೆ ಟೈಮಿಂಗ್ ಬದಲಾಗತ್ತೆ, ಅದು ಆಮೇಲೆ ಹೊಳೀತು.) ಎರಡು ರಾತ್ರಿ ಹೀಗೇ ಹೋಯ್ತು.

ಕೊನೆಗೆ ಎರರ್ ಮೆಸೇಜನ್ನೇ ಸರಿಯಾಗಿ ಓದಿದೆ. ಮೊದಲೇ ಓದಬೇಕಿತ್ತು, ಬಿಡಿ. ಎಸ್‌ಕಾಸ್ 13, ಅಂದ್ರೆ ಲೋಡ್ ಪೇಜ್ ಫಾಲ್ಟ್. ಫಾಲ್ಟ್ ಆದ ಅಡ್ರೆಸ್ ಹೆಕ್ಸ್‌ನಲ್ಲಿ 0101010101010101. ಇಷ್ಟು ನೀಟಾದ ಅಡ್ರೆಸ್ ಸುಮ್ಮನೆ ಬರಲ್ಲ. ಎಕ್ಸ್‌ವಿ6ನ ಕೆಫ್ರೀ ಫಂಕ್ಷನ್ ಫ್ರೀ ಮಾಡೋ ಪೇಜ್‌ನ ಪ್ರತಿ ಬೈಟ್‌ಗೂ 1 ತುಂಬತ್ತೆ, ಕೆಅಲಾಕ್ ಕೊಡೋ ಪೇಜ್‌ಗೆ 5. ಇಂಥ ಬಗ್ ಬೇಗ ಸಿಗಲಿ ಅಂತಲೇ ಹಾಗೆ ಬರೆದಿದ್ದಾರೆ. ಅಂದ್ರೆ ನನ್ನ ಪ್ರಾಸೆಸ್ ಆಗಲೇ ಫ್ರೀ ಆಗಿಹೋದ ಪೇಜನ್ನು ಓದಿ, ಅಲ್ಲಿದ್ದ ಕಸವನ್ನೇ ಪಾಯಿಂಟರ್ ಅಂದುಕೊಂಡಿತ್ತು. ಎಲ್ಲೋ ಲೆಕ್ಕ ತಪ್ಪಿದೆ.

ಡೀಫಾಲ್ಟ್ ಆಗಿ ಮೂರು ಸಿಪಿಯು ಇರತ್ತೆ. ಒಂದೇ ಸಿಪಿಯು ಇಟ್ಟು ಓಡಿಸಿದೆ, ಪ್ರತಿ ಸಲವೂ ಪಾಸ್. ಟೈಮರ್ ಇಂಟರಪ್ಟ್ ಮಧ್ಯೆ ಬರಬಹುದಾದ್ರಿಂದ ಇದೇ ಪೂರ್ತಿ ಸಾಕ್ಷಿ ಅಲ್ಲ, ಆದರೆ ಒಳ್ಳೇ ಸುಳಿವು.

ಲೆಕ್ಕಕ್ಕೆ ಒಂದು ಕೂಡಿಸೋದು ಸಿ ಭಾಷೇಲಿ ಒಂದೇ ಸಾಲು, ರಿಸ್ಕ್-ವಿಯಲ್ಲಿ ಮೂರು ಕೆಲಸ: ಓದು, ಕೂಡಿಸು, ಬರೆ. ಒಂದು ಪೇಜ್ ಇಬ್ಬರ ಹತ್ತಿರ ಇದೆ, ಇಬ್ಬರೂ ಬೇರೆ ಬೇರೆ ಸಿಪಿಯುನಲ್ಲಿ ಒಟ್ಟಿಗೇ ಫೋರ್ಕ್ ಮಾಡಿದ್ರು ಅನ್ಕೊಳ್ಳಿ. ಇಬ್ಬರೂ 2 ಅಂತ ಓದಿ 3 ಅಂತ ಬರೀತಾರೆ. ನಿಜವಾಗಿ ಇರೋದು ನಾಲ್ಕು ಜನ. ಮೂರು ಜನ ಎಕ್ಸಿಟ್ ಆದ ತಕ್ಷಣ ಪೇಜ್ ಫ್ರೀ, ನಾಲ್ಕನೆಯವನ ಕಾಲಡಿ ನೆಲವೇ ಇಲ್ಲ.

ಸ್ಪಿನ್‌ಲಾಕ್ ಹಾಕಿದೆ. ಆದರೂ ಅಪರೂಪಕ್ಕೆ ಕ್ರ್ಯಾಶ್! ಈ ಸಲ ತಪ್ಪು ಇನ್ನೂ ಸಣ್ಣದು. ಲಾಕ್ ಒಳಗೆ ಕಳೆದು, ಲಾಕ್ ಬಿಟ್ಟಮೇಲೆ ಸೊನ್ನೆ ಆಯ್ತಾ ಅಂತ ನೋಡ್ತಿದ್ದೆ. ಇಬ್ಬರು ಕಳೆದು, ಆಮೇಲೆ ಇಬ್ಬರೂ ನೋಡಿದರೆ ಇಬ್ಬರಿಗೂ ಸೊನ್ನೆಯೇ ಕಾಣತ್ತೆ. ಒಂದೇ ಪೇಜ್ ಫ್ರೀ ಲಿಸ್ಟ್‌ಗೆ ಎರಡು ಸಲ ಹೋಗತ್ತೆ, ಮುಂದೆ ಸಂಬಂಧವೇ ಇಲ್ಲದ ಇಬ್ಬರಿಗೆ ಸಿಗತ್ತೆ.

ಆ ಇಫ್ ಅನ್ನು ಲಾಕ್ ಬಿಡೋಕೆ ಮುಂಚೆ ತಂದೆ, ಅಷ್ಟೇ. ಟೆಸ್ಟನ್ನು ಲೂಪ್‌ನಲ್ಲಿ ಹಾಕಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದಾಗಲೂ ಓಡ್ತಾನೇ ಇತ್ತು.