ಸಂಘದ ಲೆಕ್ಕಪುಸ್ತಕದಿಂದ ಪಂಚಾಯಿತಿ ಕುರ್ಚಿಯವರೆಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯರಾಗಿ, ಹಾಲಿನ ಡೇರಿಯ ಆಡಳಿತ ಮಂಡಳಿಯಲ್ಲಿ ಕುಳಿತವರಾಗಿ, ಮನೆಮನೆಯ ಕಸ ಒಯ್ಯುವ ಸ್ವಚ್ಛ ವಾಹಿನಿಯ ಚಾಲಕಿಯರಾಗಿ ದುಡಿಯುತ್ತಿರುವ ಅನೇಕ ಹೆಂಗಸರ ಸಾರ್ವಜನಿಕ ಬದುಕಿನ ಮೊದಲ ಮೆಟ್ಟಿಲು ಕಾಲೇಜಲ್ಲ, ತಮ್ಮದೇ ಬೀದಿಯ ಸ್ವಸಹಾಯ ಸಂಘ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿನಿಯರು ಕಟ್ಟಿಕೊಂಡು ಜೀವನಪರ್ಯಂತ ಉಳಿಸಿಕೊಳ್ಳುವ ಸೋದರಿ ಸಂಘಗಳು ಸದಸ್ಯೆಯರ ಮುಂದಿನ ವೃತ್ತಿಗೆ ಬೆನ್ನೆಲುಬಾಗುತ್ತವೆ ಎಂಬುದು ಪ್ರಸಿದ್ಧ. 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆಲ್ಫಾ ಕಪ್ಪಾ ಆಲ್ಫಾ ಎಂಬ ಕಪ್ಪು ವಿದ್ಯಾರ್ಥಿನಿಯರ ಸಂಘದ ಸದಸ್ಯೆಯಾಗಿದ್ದ ಕಮಲಾ ಹ್ಯಾರಿಸ್ 2021ರಲ್ಲಿ ಆ ದೇಶದ ಉಪಾಧ್ಯಕ್ಷೆಯಾದರು. ಪದವಿಯ ಮಾತಿರಲಿ, ಪ್ರೌಢಶಾಲೆಯನ್ನೂ ಮುಗಿಸದೆ ಮದುವೆಯಾಗಿ ಬಂದ ಹೆಂಗಸಿಗೆ ಅಂಥದೇ ಬಲವನ್ನು ಮಂಡ್ಯ ಸೀಮೆಯಲ್ಲಿ ಒದಗಿಸಿದ್ದು ಹತ್ತಿಪ್ಪತ್ತು ಮಂದಿಯ ಉಳಿತಾಯದ ಗುಂಪು.

ಈ ಗುಂಪಿಗೆ ಹಳೆಯ ಬೇರುಗಳಿವೆ. ನಾಟಿ ಮತ್ತು ಕಳೆಯ ಕಾಲದಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ದುಡಿದು, ಆ ದುಡಿಮೆಯನ್ನು ದುಡಿಮೆಯಿಂದಲೇ ತೀರಿಸುವ ಮುಯ್ಯಾಳು ಪದ್ಧತಿಯೂ, ಎಲ್ಲರೂ ಕಂತು ಹಾಕಿ ಸರದಿಯಂತೆ ಒಟ್ಟು ಹಣ ಎತ್ತಿಕೊಳ್ಳುವ ಚೀಟಿಯೂ ಹೆಂಗಸರಿಗೆ ಮೊದಲಿನಿಂದ ತಿಳಿದಿದ್ದವು. ಇವೆರಡರಲ್ಲೂ ನಂಬಿಕೆಯಿತ್ತು, ಬರಹವಿರಲಿಲ್ಲ; ಹಾಗಾಗಿ ಬ್ಯಾಂಕಿನ ಬಾಗಿಲಿಗೆ ಈ ನಂಬಿಕೆ ತಲುಪುತ್ತಿರಲಿಲ್ಲ. ಆ ಕೊರತೆಯನ್ನು ತುಂಬುವ ದಾರಿ ಕಂಡದ್ದು ಕರ್ನಾಟಕದಲ್ಲೇ. 1968ರಲ್ಲಿ ಆರಂಭವಾದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯು ಬೆಳೆಸಿದ್ದ ದೊಡ್ಡ ಸಹಕಾರ ಸಂಘಗಳು 1980ರ ದಶಕದ ನಡುಭಾಗದಲ್ಲಿ ಒಡೆದಾಗ, ಸದಸ್ಯರು ಪರಸ್ಪರ ನಂಬುವವರೊಂದಿಗೆ ಮಾತ್ರ ಸಣ್ಣ ಗುಂಪುಗಳಾಗಿ ಉಳಿದು, ತೆಗೆದುಕೊಂಡ ಸಾಲವನ್ನು ಆ ಗುಂಪಿಗೇ ಹಿಂದಿರುಗಿಸಲು ಮುಂದಾದರು. 1992ರಲ್ಲಿ ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿದ್ದಕ್ಕೆ ಇಂಥ ಅನುಭವವೇ ತಳಹದಿ. ಮಂಡ್ಯ ಜಿಲ್ಲೆಯವರೇ ಆದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಜಾರಿಗೆ ಬಂದು, ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಸಂಘಗಳು ಹಳ್ಳಿಹಳ್ಳಿಗೂ ಹಬ್ಬಿದವು.

ಸಂಘದ ಸಭೆಯನ್ನು ಹತ್ತಿರದಿಂದ ನೋಡಿದರೆ ಆತ್ಮವಿಶ್ವಾಸ ಹುಟ್ಟುವ ಬಗೆ ತಿಳಿಯುತ್ತದೆ. ನಿಗದಿತ ದಿನ ಸಮುದಾಯ ಭವನದಲ್ಲೋ ಅಂಗನವಾಡಿಯಲ್ಲೋ ಸುತ್ತುಗಟ್ಟಿ ಕುಳಿತ ಸದಸ್ಯೆಯರ ಹಾಜರಿ ಹಿಡಿದು, ಹಿಂದಿನ ಸಭೆಯ ನಡಾವಳಿಯನ್ನು ಗಟ್ಟಿಯಾಗಿ ಓದಿ, ಉಳಿತಾಯದ ಹಣವನ್ನು ಎಲ್ಲರ ಕಣ್ಣೆದುರೇ ಎಣಿಸಿ ಪುಸ್ತಕಕ್ಕೆ ಏರಿಸಲಾಗುತ್ತದೆ. ಅನಂತರ ಸಾಲ ಕೇಳುವವಳು ಹಣ ಯಾತಕ್ಕೆ ಬೇಕು, ಎಷ್ಟು ಕಂತಿನಲ್ಲಿ ತೀರಿಸುವೆ ಎಂಬುದನ್ನು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಬೇಕು, ಉಳಿದವರು ಒಪ್ಪಿದರೆ ಠರಾವು ಬರೆದು ಸಹಿ ಹಾಕಬೇಕು. ಕಂತು ತಪ್ಪಿಸಿದ ನೆರೆಮನೆಯವಳನ್ನು ಮುಖ ಮುರಿಯದಂತೆ ಪ್ರಶ್ನಿಸುವುದು ಇದೆಲ್ಲಕ್ಕಿಂತ ಕಷ್ಟದ ಪಾಠ. ಅತ್ತೆಯೆದುರು ದನಿ ಎತ್ತದ ಸೊಸೆಯೂ ಇಲ್ಲಿ ಲೆಕ್ಕ ಒಪ್ಪಿಸಲೇಬೇಕು. ಇಂಥವರ ಹೆಂಡತಿ, ಇಂಥವರ ಅವ್ವ ಎಂದೇ ಕರೆಸಿಕೊಳ್ಳುತ್ತಿದ್ದವಳು ಸಂಘದ ಪ್ರತಿನಿಧಿಯಾಗಿ ಬ್ಯಾಂಕಿನಲ್ಲಿ ಸ್ವಂತ ಹೆಸರಿನಲ್ಲಿ ಸಹಿ ಹಾಕುತ್ತಾಳೆ. ಭಾಷಣ ಕೇಳಿ ಬರುವ ಧೈರ್ಯಕ್ಕಿಂತ ಹಣ ಎಣಿಸಿ, ತಪ್ಪು ತಿದ್ದಿ, ವರ್ಷಗಟ್ಟಲೆ ರೂಢಿಸಿಕೊಂಡ ಈ ಧೈರ್ಯ ಹೆಚ್ಚು ಗಟ್ಟಿಯಾದುದು.

ಪಂಚಾಯಿತಿಯಲ್ಲಿ ಇದರ ಫಲ ಸ್ಪಷ್ಟವಾಗಿ ಕಾಣುತ್ತದೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಸಚಿವ ಅಬ್ದುಲ್ ನಜೀರ್ ಸಾಬ್ ಮುಂದೆ ನಿಂತು ರೂಪಿಸಿದ 1983ರ ಪಂಚಾಯಿತಿ ಕಾಯ್ದೆಯಡಿ 1987ರಲ್ಲಿ ನಡೆದ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಗಿತ್ತು. 1993ರ ಕಾಯ್ದೆಯಿಂದ ಅದು ಮೂರನೇ ಒಂದಕ್ಕೂ, 2010ರಲ್ಲಿ ಅರ್ಧಕ್ಕೂ ಏರಿತು. ಕಾನೂನು ಕುರ್ಚಿಯನ್ನು ಕೊಟ್ಟಿತಾದರೂ, ಗಂಡನೇ ಸಭೆ ನಡೆಸಿ ಹೆಂಡತಿ ಸಹಿ ಮಾತ್ರ ಹಾಕುವ ಪದ್ಧತಿಯನ್ನು ಅದು ತಾನಾಗಿ ಅಳಿಸಲಾರದು. ಠರಾವು ಓದದೆ ಸಹಿ ಹಾಕಬಾರದು ಎಂಬುದನ್ನು ಸಂಘದಲ್ಲಿ ಕಲಿತ ಹೆಂಗಸು ಮಾತ್ರ ಅದನ್ನು ಒಳಗಿನಿಂದ ಅಳಿಸಬಲ್ಲಳು.

ಮಳೆಯನ್ನೇ ನೆಚ್ಚಿದ ಊರುಗಳು ಹೆಚ್ಚಿರುವ ನಾಗಮಂಗಲ, ಕೃಷ್ಣರಾಜಪೇಟೆ ಕಡೆ ಹಸು ಸಾಕಣೆಯೂ ಇಂಥದೇ ದಾರಿ ತೆರೆಯಿತು. 1980ರ ದಶಕದ ಕೊನೆಯಲ್ಲಿ ಕೇಂದ್ರದ ಸ್ಟೆಪ್ ಎಂಬ ಮಹಿಳಾ ತರಬೇತಿ ಮತ್ತು ಉದ್ಯೋಗ ಕಾರ್ಯಕ್ರಮದ ನೆರವಿನಿಂದ ರಾಜ್ಯದಲ್ಲಿ ಹಬ್ಬಿದ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಸದಸ್ಯರೂ ಆಡಳಿತ ಮಂಡಳಿಯೂ ಹೆಂಗಸರೇ. ಸಗಣಿ ಬಾಚುವವಳು ಒಬ್ಬಳು, ಬಟವಾಡೆ ಪಡೆಯುವವನು ಇನ್ನೊಬ್ಬ ಎಂಬ ಹಳೆಯ ಅನ್ಯಾಯಕ್ಕೆ ಇಲ್ಲಿ ತಡೆ ಬಿತ್ತು.

ಇನ್ನು ರಾಷ್ಟ್ರೀಯ ಜೀವನೋಪಾಯ ಅಭಿಯಾನವನ್ನು ರಾಜ್ಯದಲ್ಲಿ ನಡೆಸುವ ಸಂಜೀವಿನಿಯು ಸಂಘಗಳನ್ನು ಪಂಚಾಯಿತಿ ಮಟ್ಟದ ಒಕ್ಕೂಟವಾಗಿ ಕೂಡಿಸಿ, ಮುಖ್ಯ ಪುಸ್ತಕ ಬರಹಗಾರ್ತಿ, ಕೃಷಿ ಸಖಿ, ಪಶು ಸಖಿ ಎಂಬ ಹೊಸ ಹುದ್ದೆಗಳನ್ನು ತಂದಿದೆ. ಆದರೆ ಈ ದುಡಿಮೆಗೆ ಸಿಗುವುದು ಸಂಬಳವಲ್ಲ, ಗೌರವಧನ, ಅದೂ ಅಲ್ಪ. ಮತ್ತೊಂದೆಡೆ, ಉಳಿತಾಯವೇ ಇಲ್ಲದೆ ಒಬ್ಬರ ಸಾಲಕ್ಕೆ ಎಲ್ಲರನ್ನೂ ಹೊಣೆ ಮಾಡುವ ಖಾಸಗಿ ಕಿರುಸಾಲದ ಗುಂಪುಗಳು ಸಂಘದ ವೇಷದಲ್ಲೇ ಬೀದಿಗೆ ಬಂದು, ವಸೂಲಿಯ ಕಿರುಕುಳ ಮಿತಿಮೀರಿದ್ದರಿಂದ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಂಘದ ಬಲ ಮನೆಯ ಹೊಸಿಲೊಳಗೆ ಇನ್ನೂ ಪೂರ್ತಿ ಹೊಕ್ಕಿಲ್ಲ ಎಂಬುದಕ್ಕೆ, 2023ರಲ್ಲಿ ಮಂಡ್ಯ ಸಮೀಪದ ಆಲೆಮನೆಯೊಂದರಲ್ಲಿ ನಡೆಯುತ್ತಿದ್ದ ಭ್ರೂಣಲಿಂಗ ಪತ್ತೆ ಬಯಲಾದದ್ದು ನೋವಿನ ಸಾಕ್ಷಿ. ಇಷ್ಟು ಸಂಘಗಳಿರುವ ಜಿಲ್ಲೆಯಲ್ಲಿ ಈ ವಿಷಯ ವಾರದ ಸಭೆಯ ಚರ್ಚೆಗೆ ಬರಲೇಬೇಕು. ಹಾಗೆಯೇ, ಪುಸ್ತಕ ಬರೆಯುವ, ರಾಸು ನೋಡುವ, ವಾಹನ ಓಡಿಸುವ ಹೆಂಗಸರ ಗೌರವಧನವನ್ನು ಕನಿಷ್ಠ ವೇತನಕ್ಕೆ ಸಮನಾದ ಸಂಬಳವಾಗಿಸಲು ಸರ್ಕಾರವೂ ಪಂಚಾಯಿತಿಗಳೂ ಇನ್ನು ತಡಮಾಡಬಾರದು.